ಜಪಾನಿನ ಬೇಸಿಗೆ: ಕ್ಯೋಟೊ ಬಯಲೋ, ತಕಯಾಮ ಬೆಟ್ಟವೋ?

ಜುಲೈ, ಆಗಸ್ಟ್ ತಿಂಗಳಲ್ಲಿ ಜಪಾನಿಗೆ ಹೊರಟವರು ದೇವಸ್ಥಾನ, ಉದ್ಯಾನಗಳ ಪಟ್ಟಿಗಿಂತ ಮೊದಲು ಒಂದು ಸಂಗತಿ ನೋಡಿಕೊಳ್ಳಬೇಕು: ಆ ಊರು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಹೂವಿನ ಕಾಲಕ್ಕೋ ಕೆಂಪೆಲೆಗಳ ಕಾಲಕ್ಕೋ ಹೋಗಿ ಎಂದು ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಅಮೆರಿಕದಲ್ಲಿರುವ ನಮ್ಮಕ್ಕನ ಮಗಳಿಗೆ ಶಾಲೆಯ ರಜೆ ಸಿಗುವುದೇ ಬೇಸಿಗೆಯಲ್ಲಿ. ಹಾಗಾಗಿ ನಾವು ಕ್ಯೋಟೊಗೆ ಇಳಿದದ್ದು ಜುಲೈ ನಡುವೆ, ಅಲ್ಲಿನ ಮಳೆಗಾಲ ಮುಗಿಯುತ್ತ ಬಂದಿದ್ದಾಗ.

ಕ್ಯೋಟೊ ಮೂರು ಕಡೆ ಬೆಟ್ಟಗಳಿರುವ ತಗ್ಗು. ಗಾಳಿಯಾಡುವುದಿಲ್ಲ, ಬೆವರು ಒಣಗುವುದಿಲ್ಲ, ಉಷ್ಣಾಂಶ 35 ಡಿಗ್ರಿ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಆ ನಗರ ಬೇಸಿಗೆಯಲ್ಲಿ ಪ್ರವಾಸಿಗೆ ಸಿಗುವುದು ಎರಡು ತುಣುಕುಗಳಲ್ಲಿ ಮಾತ್ರ: ಬೆಳಗಿನ ಎಂಟು ಗಂಟೆಯ ಒಳಗೆ, ಸಂಜೆ ಆರರ ನಂತರ. ಫುಶಿಮಿ ಇನಾರಿಯ ಕೆಂಪು ಕಮಾನುಗಳ ದಾರಿಗೆ ಬಾಗಿಲಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ. ಐದೂವರೆಗೆ ಹೋದರೆ ಕಾಡಿನ ತಂಪೂ ಇದೆ, ಜನವೂ ಇಲ್ಲ. ಕಿಯೊಮಿಜು ದೇವಾಲಯ ಆರಕ್ಕೆ ತೆರೆಯುತ್ತದೆ. ಹತ್ತರ ಮೇಲೆ ಇದೇ ಜಾಗಗಳು ಬರೀ ಶಿಕ್ಷೆ.

ಆದರೂ ಜುಲೈ 17ರಂದು ಅಲ್ಲಿದ್ದವರು ಕ್ಯೋಟೊವನ್ನು ಬಯ್ಯಲಾರರು. ಗಿಯೋನ್ ಹಬ್ಬದ ತೇರುಗಳು ಹೊರಡುವ ದಿನ ಅದು. ಕ್ರಿ.ಶ. 869ರಲ್ಲಿ ಸಾಂಕ್ರಾಮಿಕ ರೋಗ ತೊಲಗಲೆಂದು ಮಾಡಿದ ಪೂಜೆಯಿಂದ ಬೆಳೆದ ಹಬ್ಬ ಎನ್ನುತ್ತಾರೆ. ದೊಡ್ಡ ತೇರುಗಳು ಸುಮಾರು 25 ಮೀಟರ್ ಎತ್ತರ, 12 ಟನ್ ತೂಕ. ಮೊಳೆ ಹೊಡೆಯದೆ ಹಗ್ಗದಲ್ಲೇ ಬಿಗಿದು ಕಟ್ಟುತ್ತಾರೆ. ಗಾಲಿ ನೇರ ಉರುಳುತ್ತದೆ, ಪಕ್ಕಕ್ಕೆ ಹೊರಳುವುದಿಲ್ಲ. ಬೀದಿಯ ಮೂಲೆ ಬಂದಾಗ ಸೀಳಿದ ಬಿದಿರನ್ನು ಗಾಲಿಯಡಿ ಹಾಸಿ, ನೀರು ಸುರಿದು, ಒಂದೇ ಕೂಗಿಗೆ ಪಕ್ಕದಿಂದ ಜಗ್ಗಿ ಜಾರಿಸುತ್ತಾರೆ. ಮರದ ಅಡ್ಡೆ ಕೊಟ್ಟು ಇಂಚಿಂಚಾಗಿ ತೇರು ತಿರುಗಿಸುವ ನಮ್ಮೂರ ಜಾತ್ರೆಯ ಹಿರಿಯರು ಇದನ್ನು ನೋಡಬೇಕಿತ್ತು. 17 ತಪ್ಪಿದರೆ 24ರಂದು ಇನ್ನೊಂದು ಸುತ್ತು ಇದೆ, ಮೊದಲಿನದಕ್ಕಿಂತ ಚಿಕ್ಕದು, ನೂಕುನುಗ್ಗಲೂ ಕಡಿಮೆ.

ಸೆಕೆಯಿಂದ ತಪ್ಪಿಸಿಕೊಳ್ಳಲು ಕ್ಯೋಟೊದವರೇ ಹೋಗುವುದು ಉತ್ತರದ ಕಿಬುನೆ ಕಣಿವೆಗೆ. ಹರಿಯುವ ಹೊಳೆಯ ಮೇಲೆಯೇ ಅಟ್ಟ ಕಟ್ಟಿ ಊಟಕ್ಕೆ ಕೂರಿಸುತ್ತಾರೆ. ಜಾಗ ಚೆಂದ, ಊಟದ ಬೆಲೆ ಚೆಂದವಿಲ್ಲ, ಬಡಿಸುವುದು ಹೊಳೆಮೀನು. ಸಸ್ಯಾಹಾರಿಗಳಾದ ನಾವು ದಡದಲ್ಲಿ ನಡೆದು ವಾಪಸಾದೆವು.

ಕ್ಯೋಟೊದ ಎದುರಾಳಿ ಬೆಟ್ಟದ ಊರು ತಕಯಾಮ. ನಗೋಯಾದಿಂದ ಹಿದಾ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು ಎರಡೂವರೆ ಗಂಟೆ, ದಾರಿಯುದ್ದ ಹೊಳೆಯ ಕಮರಿ. ಊರು ಸುಮಾರು 570 ಮೀಟರ್ ಎತ್ತರದಲ್ಲಿದೆ. ನಡುಹಗಲು ಇಲ್ಲೂ ಬಿಸಿಲು ಚುರುಗುಟ್ಟುತ್ತದೆ, ಅದನ್ನು ಮುಚ್ಚಿಡಲಾರೆ. ವ್ಯತ್ಯಾಸ ಗೊತ್ತಾಗುವುದು ಸೂರ್ಯ ಇಳಿದ ಮೇಲೆ: ಕ್ಯೋಟೊದಲ್ಲಿ ರಾತ್ರಿಯೂ ಎಸಿ ಆರಿಸುವಂತಿಲ್ಲ, ಇಲ್ಲಿ ಕಿಟಕಿ ತೆರೆದು ಮಲಗಬಹುದು. ಮಿಯಾಗಾವಾ ನದಿಯ ದಡದಲ್ಲಿ ಬೆಳಗ್ಗೆ ಏಳಕ್ಕೇ ಸಂತೆ ಶುರು; ರೈತ ಹೆಂಗಸರು ಟೊಮೆಟೊ, ಉಪ್ಪಿನಕಾಯಿ ಹರಡಿಕೊಂಡು ಕೂತಿರುತ್ತಾರೆ. ಹಳೆಯ ಮರದ ಮನೆಗಳ ಬೀದಿ ಕ್ಯೋಟೊದ ಬೀದಿಗಳಷ್ಟು ಶ್ರೀಮಂತವಲ್ಲ, ಆದರೆ ಎಲ್ಲವೂ ನಡಿಗೆಯ ಅಳವಿನಲ್ಲಿದೆ. ಕೊರತೆ ಎಂದರೆ ಸಂಜೆ ಐದಕ್ಕೆ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕುತ್ತವೆ. ಅಲ್ಲಿನ ದನದ ಮಾಂಸಕ್ಕೆ ದೊಡ್ಡ ಹೆಸರು, ನಮಗೆ ಅದರಿಂದ ಪ್ರಯೋಜನವಿಲ್ಲ. ಮಿತರಾಶಿ ದಾಂಗೊ ಎಂಬ ಅಕ್ಕಿ ಉಂಡೆಯನ್ನು ಬೇರೆ ಊರುಗಳಲ್ಲಿ ಸಿಹಿ ಪಾಕದಲ್ಲಿ ಅದ್ದುತ್ತಾರೆ. ತಕಯಾಮದಲ್ಲಿ ಬರೀ ಸೋಯಾ ಸಾಸ್ ಸವರಿ ಕೆಂಡದ ಮೇಲೆ ಸುಡುತ್ತಾರೆ. ಅಕ್ಕನ ಮಟ್ಟಿಗೆ ಈ ಪಂದ್ಯದ ತೀರ್ಪು ಅಲ್ಲೇ ಆಯಿತು. ಒಂದು ಎಚ್ಚರಿಕೆ ಮಾತ್ರ ಎರಡೂ ಊರಿಗೆ ಸಲ್ಲುತ್ತದೆ: ತರಕಾರಿ ಸಾರು, ಸೋಬಾ ಶಾವಿಗೆಯ ಅದ್ದುರಸ, ಹೆಚ್ಚಿನವುಗಳಲ್ಲಿ ಒಣಮೀನಿನ ಸತ್ವ ಇರುತ್ತದೆ. ಕೇಳದೆ ತಿನ್ನಬೇಡಿ. ಬೌದ್ಧ ದೇವಾಲಯಗಳ ಶೋಜಿನ್ ಎಂಬ ಸಸ್ಯಾಹಾರಿ ಊಟ ಮಾತ್ರ ನಿಶ್ಚಿಂತೆ.

ತಕಯಾಮದಿಂದ ಬಸ್ಸಿನಲ್ಲಿ 50 ನಿಮಿಷ ಹೋದರೆ ಶಿರಕಾವಾಗೊ ಎಂಬ ಹಳ್ಳಿ. ಕಡಿದಾದ ಹುಲ್ಲು ಮಾಡು, ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಮನೆಗಳು, 1995ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಗದ್ದೆಗಳ ಹಸಿರು ಕಣ್ಣು ತುಂಬುತ್ತದೆ, ಪ್ರವಾಸಿ ಬಸ್ಸುಗಳು ಅದಕ್ಕಿಂತ ಹೆಚ್ಚು ತುಂಬುತ್ತವೆ. ಅರ್ಧ ದಿನ ಸಾಕು.

ಹಳ್ಳಿ ಬೇಕೆಂದರೆ ನನ್ನ ಮತ ಕಿಸೊ ಕಣಿವೆಗೆ. ಮಗೊಮೆಯಿಂದ ತ್ಸುಮಾಗೊವರೆಗೆ ಎಂಟು ಕಿಲೋಮೀಟರ್ ಕಾಲುದಾರಿ, ಎಡೊ ಕಾಲದಲ್ಲಿ (17ರಿಂದ 19ನೇ ಶತಮಾನ) ಕ್ಯೋಟೊವನ್ನು ಇಂದಿನ ಟೋಕಿಯೊಗೆ ಜೋಡಿಸುತ್ತಿದ್ದ ನಕಸೆಂಡೊ ಹೆದ್ದಾರಿಯ ತುಂಡು. ಮಗೊಮೆ ಎತ್ತರದಲ್ಲಿದೆ, ಅಲ್ಲಿಂದ ಹೊರಟರೆ ಏರು ಕಡಿಮೆ. ಸೀಡರ್ ಮರಗಳ ನೆರಳು, ಕರಡಿ ಓಡಿಸಲು ಕಂಬಕ್ಕೆ ಕಟ್ಟಿದ ಗಂಟೆಗಳು, ನಡುದಾರಿಯಲ್ಲಿ ಬಂದವರಿಗೆಲ್ಲ ಚಹಾ ಕೊಡುವ ಹಳೆಯ ಮನೆ. ಅಕ್ಕನ ಮಗಳು ಒಂದು ಗಂಟೆಯನ್ನೂ ಬಾರಿಸದೆ ಬಿಡಲಿಲ್ಲ. ತ್ಸುಮಾಗೊದವರು ಮನೆಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ತಾವೇ ಕಟ್ಟಳೆ ಮಾಡಿಕೊಂಡು ಊರನ್ನು ಉಳಿಸಿಕೊಂಡಿದ್ದಾರೆ. ಹಗಲು ಮುಖ್ಯ ಬೀದಿಗೆ ಕಾರು ಬರುವುದಿಲ್ಲ.

ಕಿಸೊಗೆ ಸಾಟಿಯಾಗಿ ನಿಲ್ಲುವುದು ಕಾಮಿಕೋಚಿ ಎಂಬ ಬೆಟ್ಟದ ಕಣಿವೆ ಒಂದೇ. 1,500 ಮೀಟರ್ ಎತ್ತರ. ಆಗಸ್ಟ್‌ನಲ್ಲೂ ಬೆಳಗ್ಗೆ ಸ್ವೆಟರ್ ಬೇಕು. ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ತಕಯಾಮದಿಂದ ಹಿರಾಯು ಎಂಬಲ್ಲಿ ಬಸ್ ಬದಲಿಸಬೇಕು. 1915ರಲ್ಲಿ ಯಾಕೆದಾಕೆ ಜ್ವಾಲಾಮುಖಿ ಸಿಡಿದು ಅಜುಸಾ ನದಿಗೆ ಅಡ್ಡಲಾಗಿ ಹುಟ್ಟಿದ ತೈಶೊ ಕೊಳದ ಬಳಿ ಇಳಿದು ಕಪ್ಪಾ ಸೇತುವೆಯವರೆಗೆ ನಡೆಯುವ ದಾರಿ ಸಮತಟ್ಟು, ಮಂಡಿ ನೋವಿನವರೂ ನಡೆಯಬಹುದು. ಆದರೆ ಅಲ್ಲಿ ಮಾತಿಗೆ ಸಿಗುವ ಊರಿಲ್ಲ, ಬೆಟ್ಟ ಮತ್ತು ನೀರು ಅಷ್ಟೇ. ವಯಸ್ಸಾದವರು ಜೊತೆಗಿದ್ದರೆ ಕಾಮಿಕೋಚಿ, ಇಲ್ಲದಿದ್ದರೆ ಕಿಸೊ ಎನ್ನುತ್ತೇನೆ.

ವಿದೇಶಿ ಪ್ರವಾಸಿಗಳಿಗೆ ಸಿಗುವ ಏಳು ದಿನದ ರೈಲು ಪಾಸ್ (ಜೆಆರ್ ಪಾಸ್) 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊ, ಕ್ಯೋಟೊ, ನಗೋಯಾ, ತಕಯಾಮ, ಕಾಮಿಕೋಚಿ, ಮತ್ಸುಮೊಟೊ, ಮತ್ತೆ ಟೋಕಿಯೊ ಎಂಬ ಈ ಸುತ್ತಿಗೆ ಬಿಡಿ ಟಿಕೆಟ್‌ಗಳೇ ಅಗ್ಗ. ದೊಡ್ಡ ಪೆಟ್ಟಿಗೆಗಳನ್ನು ಹೋಟೆಲಿನಿಂದಲೇ ಮುಂದಿನ ಹೋಟೆಲಿಗೆ ಕಳುಹಿಸಿಬಿಡಿ. ಆಗಸ್ಟ್ ಮಧ್ಯದ ಓಬೊನ್ ಎಂಬ ಪಿತೃಗಳ ಹಬ್ಬದ ದಿನಗಳಲ್ಲಿ ಇಡೀ ದೇಶವೇ ತವರಿಗೆ ಹೊರಡುತ್ತದೆ; ಬೆಟ್ಟದ ಊರುಗಳಲ್ಲಿ ಕೋಣೆ ಸಿಗುವುದು ಕಷ್ಟ, ರೈಲಿನಲ್ಲಿ ಸೀಟು ಸಿಗುವುದು ಇನ್ನೂ ಕಷ್ಟ. ಜುಲೈ 17ಕ್ಕೆ ಕ್ಯೋಟೊ ಮುಗಿಸಿ, ಉಳಿದ ದಿನಗಳನ್ನೆಲ್ಲ ಬೆಟ್ಟಕ್ಕೆ ಇಟ್ಟುಕೊಂಡು, ಆಗಸ್ಟ್ ಮೊದಲ ವಾರದೊಳಗೆ ವಿಮಾನ ಹತ್ತುವಂತೆ ಟಿಕೆಟ್ ಮಾಡಿಸಿ.