ಒಂದೂವರೆ ವರ್ಷ ಕೇಳಿದ ಮೇಲೆ: ದಿ ಕ್ಯೂರ್ ತಂಡದ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್'

ಮೊದಲ ವಾರದಲ್ಲೇ ಬರೆದಿದ್ದರೆ ಇದು ಬರೀ ಹೊಗಳಿಕೆ ಆಗಿಬಿಡುತ್ತಿತ್ತು. ದಿ ಕ್ಯೂರ್ ಅನ್ನೋ ಇಂಗ್ಲಿಷ್ ರಾಕ್ ತಂಡದ ಈ ಆಲ್ಬಮ್ ಬಂದಿದ್ದು 2024ರ ನವೆಂಬರ್ 1ಕ್ಕೆ. ಆ ವಾರ ನನ್ನ ತಲೆ ನೆಟ್ಟಗಿರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ 'ಕೇಳಿದ್ರಾ, ಕೇಳಿದ್ರಾ' ಅಂತ ಗಂಟುಬಿದ್ದಿದ್ದೆ. ಹದಿನಾರು ವರ್ಷ ಕಾದವನಿಗೆ ಏನು ಕೊಟ್ಟರೂ ಚೆನ್ನಾಗಿಯೇ ಇರುತ್ತೆ, ಅಲ್ವಾ? ಅದಕ್ಕೇ ಆಗ ಸುಮ್ಮನಿದ್ದೆ. ಈಗ ಒಂದೂವರೆ ವರ್ಷ ಆಗಿದೆ. ರೆಕಾರ್ಡಿನ ಮೇಲೆ ಒಂದೆರಡು ಗೀರು ಬಿದ್ದಿವೆ, ಕವರಿನ ಮೂಲೆ ಮಡಚಿಕೊಂಡಿದೆ. ಈಗ ಮಾತಾಡಬಹುದು.

ಕಾದಿದ್ದರ ಕಥೆ ಸ್ವಲ್ಪ ಹೇಳಲೇಬೇಕು. ಇದಕ್ಕೂ ಹಿಂದಿನ ಆಲ್ಬಮ್ '4:13 ಡ್ರೀಮ್' ಬಂದಿದ್ದು 2008ರಲ್ಲಿ. ಅದರಲ್ಲಿ 13 ಹಾಡುಗಳಿವೆ. ಈಗ ಕೇಳಿದರೆ ಮೂರನ್ನೂ ಗುನುಗಲಾರೆ. ಆಮೇಲೆ ತಂಡ ಊರೂರು ತಿರುಗಿತು, ಮೂರು ಮೂರು ಗಂಟೆ ಹಾಡಿತು, ಹೊಸದು ಮಾತ್ರ ಬರಲಿಲ್ಲ. 2019ರಲ್ಲಿ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನಡೆಯಿತು. 'ಈ ವರ್ಷವೇ ಬಂದುಬಿಡುತ್ತೆ' ಎಂಬ ಅರ್ಥದ ಮಾತುಗಳನ್ನು ತಂಡದ ಹಾಡುಗಾರ ರಾಬರ್ಟ್ ಸ್ಮಿತ್ ಆಗಲೇ ಆಡಿದ್ದರು. ನಾವು ನಂಬಿದೆವು. ಮುಂದಿನ ವರ್ಷವೂ ನಂಬಿದೆವು. ಆಮೇಲೆ ಅದು ನಮ್ಮ ನಮ್ಮಲ್ಲೇ ಒಂದು ಜೋಕ್ ಆಗಿಹೋಯಿತು. ಯಾರಾದರೂ ಸಾಲ ವಾಪಸ್ ಕೊಡೋದು ತಡ ಮಾಡಿದರೆ 'ಕ್ಯೂರ್ ಆಲ್ಬಮ್ ಬಂದ ದಿನ ಕೊಡ್ತೀನಿ ಬಿಡು' ಅನ್ನೋದು.

ಕೊನೆಗೆ 2022ರ ಅಕ್ಟೋಬರ್‌ನಲ್ಲಿ, ಲಾಟ್ವಿಯಾದ ರೀಗಾದಲ್ಲಿ ಟೂರ್ ಶುರುವಾದ ರಾತ್ರಿ, ಹೊಸ ಹಾಡಿನಿಂದಲೇ ಆರಂಭ ಮಾಡಿದರು. ಟೂರ್ ಮುಗಿಯೋ ಹೊತ್ತಿಗೆ ಈ ಆಲ್ಬಮ್‌ನ ಎಂಟರಲ್ಲಿ ಐದು ಹಾಡು ನಮಗೆ ಬಾಯಿಪಾಠ. ಅವೆಲ್ಲಾ ಜನ ಫೋನ್ ಎತ್ತಿ ಹಿಡಿದು ರೆಕಾರ್ಡ್ ಮಾಡಿದ್ದು. ಮುಂದಿನವರ ತಲೆ, ಪಕ್ಕದವರ ಕಿರುಚಾಟ, ಗೊರಗೊರ ಅನ್ನೋ ಬಾಸ್, ಅದರಲ್ಲೇ ಕೇಳಿದ್ದು. ಹೀಗಾಗಿ ಅಭಿಮಾನಿಗಳ ಮಟ್ಟಿಗೆ ಇದು ಒಂಥರಾ ವಿಚಿತ್ರ 'ಹೊಸ' ಆಲ್ಬಮ್. ಬಿಡುಗಡೆ ದಿನ ಅರ್ಧಕ್ಕಿಂತ ಜಾಸ್ತಿ ಹಾಡುಗಳು ಹಳೇ ಸ್ನೇಹಿತರು. ಕೆಲವರು ಇವತ್ತಿಗೂ ಆ ಕಿತ್ತುಹೋದ ಫೋನ್ ರೆಕಾರ್ಡಿಂಗ್‌ಗಳೇ ಚೆಂದ ಅಂತ ಹಟ ಹಿಡಿಯುತ್ತಾರೆ. ಪೂರ್ತಿ ತಪ್ಪು ಅನ್ನೋಕಾಗಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಲ್ಬಮ್ ಬರುತ್ತಿದೆ ಅನ್ನೋ ಸುದ್ದಿ ಹೊರಬಿದ್ದ ರೀತಿಯೂ ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿತ್ತು. ತಂಡ ಹುಟ್ಟಿದ ಊರು ಇಂಗ್ಲೆಂಡಿನ ಕ್ರಾಲಿ. ಶುರುವಿನ ದಿನಗಳಲ್ಲಿ ಅವರು ನುಡಿಸುತ್ತಿದ್ದ ಪಬ್ಬೊಂದು ಅಲ್ಲಿದೆ. ಅದರ ಗೋಡೆ ಮೇಲೆ ಒಂದು ಕಪ್ಪು ಪೋಸ್ಟರ್ ಕಾಣಿಸಿಕೊಂಡಿತು. ಅದರಲ್ಲಿ ರೋಮನ್ ಅಂಕಿಗಳು. ಬಿಡಿಸಿ ಓದಿದರೆ ಬಿಡುಗಡೆಯ ತಾರೀಕು. ಅಂಥದ್ದನ್ನು ನೋಡಿದ ಕೂಡಲೇ ಕಾಗದ ಪೆನ್ನು ಹಿಡಿದು ಕೂರುವ ಜನ ನಾವು. ಸ್ಮಿತ್‌ಗೆ ಅದು ಚೆನ್ನಾಗಿ ಗೊತ್ತು.

ಈಗ ಹಾಡುಗಳಿಗೆ ಬರೋಣ. ಎಂಟು ಹಾಡು, 49 ನಿಮಿಷ ಚಿಲ್ಲರೆ. ಮೊದಲನೆಯದು 'ಅಲೋನ್'. ಅದರಲ್ಲಿ ಸ್ಮಿತ್ ಬಾಯಿ ತೆರೆಯೋಕೆ ಮೂರು ನಿಮಿಷದ ಮೇಲೆ ಹಿಡಿಯುತ್ತೆ. ಅಷ್ಟು ಹೊತ್ತು ಡ್ರಮ್ಸ್ ನಿಧಾನಕ್ಕೆ ಹೆಜ್ಜೆ ಹಾಕುತ್ತೆ, ಕೀಬೋರ್ಡು ಮಂಜಿನ ಹಾಗೆ ತುಂಬಿಕೊಳ್ಳುತ್ತೆ, ಬಾಸ್ ಅದೇ ನಾಲ್ಕು ಹೆಜ್ಜೆ ಹಿಂದೆ ಮುಂದೆ ನಡೆಯುತ್ತೆ. ಮೊದಮೊದಲು ನಾನು ಅದನ್ನು ಸಹಿಸಿಕೊಳ್ಳುತ್ತಿದ್ದೆ, ಧ್ವನಿ ಬರಲಿ ಅಂತ. ಈಗ ಉಲ್ಟಾ. ಆ ಮೂರು ನಿಮಿಷಕ್ಕಾಗಿಯೇ ಹಾಕುತ್ತೇನೆ. ಧ್ವನಿ ಬಂದಾಗ 'ಅಯ್ಯೋ, ಶುರುವಾಗೇ ಹೋಯ್ತಲ್ಲ' ಅನಿಸುತ್ತೆ. ಕಾಯಿಸೋದೇ ಈ ಆಲ್ಬಮ್‌ನ ಕಸುಬು. ನಮ್ಮನ್ನು ಹೊರಗೆ 16 ವರ್ಷ ಕಾಯಿಸಿದ್ದು ಸಾಲದು ಅಂತ ಒಳಗೂ ಕಾಯಿಸುತ್ತಾರೆ. ಒಳಗಿನದು ಮಾತ್ರ ಬೇಕು ಅನ್ನಿಸುವಂಥ ಕಾಯುವಿಕೆ.

ಧ್ವನಿ ವಿಷಯ. ಬಿಡುಗಡೆ ಹೊತ್ತಿಗೆ ಸ್ಮಿತ್‌ಗೆ 65 ವರ್ಷ. ಆ ವಯಸ್ಸಿಗೆ ಎಷ್ಟೋ ಜನ ಹಳೇ ಹಾಡನ್ನು ಸ್ಥಾಯಿ ಇಳಿಸಿಕೊಂಡು ಹಾಡುತ್ತಾರೆ. ಇವರ ಧ್ವನಿ 1989ರಲ್ಲಿ ಇದ್ದ ಹಾಗೇ ಇದೆ. ನಾನು ಪರೀಕ್ಷೆ ಮಾಡಲೆಂದೇ ಆ ವರ್ಷದ ಅವರ 'ಡಿಸಿಂಟಿಗ್ರೇಶನ್' ಆಲ್ಬಮ್ ಹಾಕಿ, ಹಿಂದೆಯೇ ಇದನ್ನು ಹಾಕಿ ಕೇಳಿದೆ. 35 ವರ್ಷದ ಅಂತರ ಕಿವಿಗೆ ಸಿಗಲಿಲ್ಲ. ಸ್ವಲ್ಪ ಹೆದರಿಕೆಯೇ ಆಯಿತು.

ಆ ಹೋಲಿಕೆಯ ಮೇಲೆ ನನಗೂ ನನ್ನ ಗೆಳೆಯನಿಗೂ ಜಗಳ ಇನ್ನೂ ನಡೆಯುತ್ತಲೇ ಇದೆ. ಅವನು ನನಗಿಂತ ಹಳೇ ಅಭಿಮಾನಿ.

'ಲೇ, ಪೂರ್ತಿ ಒಂದೇ ಮೂಡ್ ಕಣೋ ಇದು. "ಡಿಸಿಂಟಿಗ್ರೇಶನ್"ನಲ್ಲೂ ಕತ್ತಲೆ ಇತ್ತು, ಆದ್ರೆ ಮಧ್ಯದಲ್ಲಿ "ಲವ್‌ಸಾಂಗ್" ಇತ್ತು, "ಲಲಬೈ" ಇತ್ತು. ಇದರಲ್ಲಿ ಉಸಿರಾಡೋಕೆ ಕಿಟಕಿ ಎಲ್ಲಿದೆ ತೋರಿಸು.'

'ಅದು 70 ನಿಮಿಷದ ಮೇಲಿತ್ತಪ್ಪಾ. ಅಷ್ಟು ದೊಡ್ಡ ಮನೆಗೆ ಕಿಟಕಿ ಬೇಕು. ಇದು ಒಂದೇ ರೂಮು.'

'ರೂಮಿಗೂ ಕಿಟಕಿ ಇರುತ್ತೆ.'

ಅವನು ಹೇಳೋದರಲ್ಲಿ ಅರ್ಧ ಒಪ್ಪುತ್ತೇನೆ. 'ಎ ಫ್ರೆಜೈಲ್ ಥಿಂಗ್' ಒಂದಕ್ಕೇ ಪಲ್ಲವಿ ಅನ್ನೋ ಥರದ್ದು ಇದೆ, ಅದೇ ಇಲ್ಲಿನ ಕಿಟಕಿ. ಸೈಮನ್ ಗ್ಯಾಲಪ್ ಅವರ ಬಾಸ್ ಆ ಹಾಡನ್ನು ಹೊತ್ತುಕೊಂಡು ಹೋಗುತ್ತೆ, ಗಿಟಾರ್ ಬರೀ ಅಲಂಕಾರ. 'ವಾರ್‌ಸಾಂಗ್' ನನಗೆ ಇವತ್ತಿಗೂ ಒಗ್ಗಿಲ್ಲ. ನಾಲ್ಕು ನಿಮಿಷ ಗುಡುಗಾಡಿ ಎಲ್ಲಿಗೂ ಹೋಗದೆ ನಿಲ್ಲುತ್ತೆ. 'ಡ್ರೋನ್:ನೋಡ್ರೋನ್' ಮೊದಲು ಕಿರಿಕಿರಿ ಮಾಡಿತ್ತು, ಈಗ ಇಷ್ಟ. ಇದು ರೀವ್ಸ್ ಗೇಬ್ರೆಲ್ಸ್ ಅವರ ಗಿಟಾರ್ ಹಾಡು. ಹಿಂದೆ ಡೇವಿಡ್ ಬೋವಿ ಜೊತೆ ನುಡಿಸಿದವರು, 2012ರಿಂದ ಈ ತಂಡದಲ್ಲಿದ್ದಾರೆ. ತಂಡದ ಸ್ಟುಡಿಯೋ ಆಲ್ಬಮ್ ಅಂತ ಅವರಿಗೆ ಇದೇ ಮೊದಲು. ಹನ್ನೆರಡು ವರ್ಷ ಕೆಲಸ ಮಾಡಿ ಮೊದಲ ಸಂಬಳ ಎಣಿಸಿದ ಹಾಗೆ ನುಡಿಸಿದ್ದಾರೆ.

ಈಗ ದೂರು. ಹಾಡಿನ ಮೇಲಲ್ಲ, ಸದ್ದಿನ ಮೇಲೆ. ಆಲ್ಬಮ್‌ನ ಮಿಕ್ಸ್, ಅಂದರೆ ವಾದ್ಯ, ಧ್ವನಿ ಎಲ್ಲ ಸೇರಿಸಿದ ರೀತಿ, ತುಂಬಾ ಗಿಜಿಗಿಜಿ. ಎಲ್ಲ ವಾದ್ಯವೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗುತ್ತವೆ. ಡ್ರಮ್ಸ್ ಅಂತೂ ಎದೆ ಮೇಲೆ ಕೂತಿರುತ್ತೆ. ಸಣ್ಣ ಇಯರ್‌ಫೋನ್‌ನಲ್ಲಿ ಕೇಳಿದರೆ 20 ನಿಮಿಷಕ್ಕೆ ಕಿವಿ ಸುಸ್ತಾಗುತ್ತೆ. ಫೋನ್ ರೆಕಾರ್ಡಿಂಗ್ ಪಂಗಡದವರ ವಾದ ಇಲ್ಲೇ ಇರೋದು. ವೇದಿಕೆ ಮೇಲೆ ಈ ಹಾಡುಗಳಿಗೆ ಗಾಳಿ ಇತ್ತು, ಸ್ಟುಡಿಯೋದಲ್ಲಿ ಅದನ್ನು ಹೊರಗೆ ಕಳಿಸಿದರು ಅಂತ. ಬಿಡುಗಡೆಯ ದಿನವೇ ಲಂಡನ್ನಿನ ಟ್ರಾಕ್ಸಿ ಸಭಾಂಗಣದಲ್ಲಿ ಪೂರ್ತಿ ಆಲ್ಬಮ್ ನುಡಿಸಿದ್ದನ್ನು ನಾನು ಯೂಟ್ಯೂಬ್‌ನಲ್ಲಿ ನಿದ್ದೆಗೆಟ್ಟು ನೋಡಿದೆ. ಹೌದು, ಅಲ್ಲಿ ಇದೇ ಹಾಡುಗಳು ಇನ್ನೂ ಸರಾಗವಾಗಿ ಉಸಿರಾಡುತ್ತಿದ್ದವು.

ಎಲ್‌ಪಿ (ತಟ್ಟೆ ರೆಕಾರ್ಡು) ತಗೊಳ್ಳುವವರಿಗೆ ಒಂದು ಮಾತು. ನನ್ನದು ಒಂದೇ ತಟ್ಟೆಯ ಮಾಮೂಲಿ ಎಲ್‌ಪಿ. ಮೊದಲು ಬಂದಿದ್ದರಲ್ಲಿ ನಡುವಿನ ತೂತೇ ಸರಿಯಾದ ಜಾಗದಲ್ಲಿರಲಿಲ್ಲ. ಪಿಯಾನೋ ಬಂದಾಗಲೆಲ್ಲ ಸ್ವರ ತೂಗಾಡುತ್ತಿತ್ತು. ಕಣ್ಣಿಟ್ಟು ನೋಡಿದರೆ ಸೂಜಿ ಹಿಡಿದ ತೋಳು ಪ್ರತಿ ಸುತ್ತಿಗೂ ಆಚೆ ಈಚೆ ಸರಿಯೋದು ಕಾಣುತ್ತಿತ್ತು. ಮಾರಿದವರು 'ನಿಮ್ಮ ಪ್ಲೇಯರ್ ಸರಿಯಿಲ್ಲ' ಅಂದರು. ವಿಡಿಯೋ ತೆಗೆದು ಕಳಿಸಿದ ಮೇಲೆ ಬದಲಾಯಿಸಿಕೊಟ್ಟರು. ಎರಡನೆಯದು ಚೆನ್ನಾಗಿದೆ. ಆದರೂ ಒಂದು ತೊಂದರೆ ಉಳಿದಿದೆ, ಅದು ಯಾರ ತಪ್ಪೂ ಅಲ್ಲ. ಎರಡನೇ ಬದಿ 26 ನಿಮಿಷದ ಮೇಲಿದೆ. ಅದರಲ್ಲಿ ಕಡೆಯ ಹಾಡು 'ಎಂಡ್‌ಸಾಂಗ್' ಒಂದೇ ಹತ್ತು ನಿಮಿಷದ ಮೇಲೆ. ತಟ್ಟೆಯ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತೆ. ಒಳಗೆ ಲೇಬಲ್ ಹತ್ತಿರ ಬಂದಾಗ ಅದರ ಅರ್ಧವೂ ಇರಲ್ಲ. ಅಷ್ಟು ಇಕ್ಕಟ್ಟಿನಲ್ಲಿ, ಆಲ್ಬಮ್‌ನ ಅತಿ ದೊಡ್ಡ ಸದ್ದಿನ ಹಾಡು. ಗಿಟಾರ್ ಸ್ವಲ್ಪ ಮರಳು ಮರಳಾಗಿ ಕೇಳುತ್ತೆ.

ಗೆಳೆಯನ ಹತ್ತಿರ ಎರಡು ತಟ್ಟೆಯ ಹಾಫ್-ಸ್ಪೀಡ್ ಆವೃತ್ತಿ ಇದೆ. ಅರ್ಧ ವೇಗದಲ್ಲಿ ಗೆರೆ ಕೊರೆದಿದ್ದು. ಅವನ ಮನೆಯಲ್ಲಿ ಎರಡನ್ನೂ ಹಾಕಿ ನೋಡಿದೆವು. ಹೊಟ್ಟೆಕಿಚ್ಚು ಬಿಟ್ಟು ಹೇಳುತ್ತೇನೆ, ಅವನದೇ ಚೆಂದ. ಸಿಂಬಲ್ ಬೇರೆ, ಕೀಬೋರ್ಡ್ ಬೇರೆ ಅಂತ ಕೇಳಿಸುತ್ತೆ. ಮಧ್ಯೆ ಎದ್ದು ತಟ್ಟೆ ತಿರುಗಿಸೋ ಕೆಲಸ ಮಾತ್ರ ಜಾಸ್ತಿ, ಈ ಆಲ್ಬಮ್‌ಗೆ ಅದು ಒಳ್ಳೇದಲ್ಲ.

ಕವರ್ ಬಗ್ಗೆ ಒಂದೇ ಸಾಲು: ಸ್ಲೊವೇನಿಯಾದ ಶಿಲ್ಪಿ ಯಾನೆಜ್ ಪಿರ್ನಾತ್ 1975ರಲ್ಲಿ ಮಾಡಿದ ಕಲ್ಲಿನ ತಲೆ ಅದು, ಕತ್ತಲಲ್ಲಿ ತೇಲುವ ಉಲ್ಕೆಯ ಹಾಗೆ ಕಾಣುತ್ತೆ, ಎಲ್‌ಪಿ ಗಾತ್ರದಲ್ಲಿ ನೋಡಿದರೇನೇ ಅದರ ಮುಖ ಗೊತ್ತಾಗೋದು.

ಆರನೇ ಹಾಡು 'ಐ ಕ್ಯಾನ್ ನೆವರ್ ಸೇ ಗುಡ್‌ಬೈ'. ಸ್ಮಿತ್ ತಮ್ಮ ಅಣ್ಣ ರಿಚರ್ಡ್ ತೀರಿಕೊಂಡಿದ್ದರ ಬಗ್ಗೆ ಬರೆದಿದ್ದು. ಮೊದಲು ಗುಡುಗು ಕೇಳುತ್ತೆ, ಆಮೇಲೆ ಪಿಯಾನೋದಲ್ಲಿ ಒಂದು ಸಣ್ಣ ತುಣುಕು. ಅದು ಬಿಡಲ್ಲ, ಮತ್ತೆ ಮತ್ತೆ ಬರುತ್ತಲೇ ಇರುತ್ತೆ. ಹೋದ ವರ್ಷ ಒಂದು ಸಂಜೆ ಈ ಹಾಡು ಓಡುತ್ತಿದ್ದಾಗ ನನ್ನ ಅಣ್ಣ ಚಾರ್ಜರ್ ಹುಡುಕಿಕೊಂಡು ರೂಮಿಗೆ ಬಂದ. ಅವನಿಗೆ ಈ ಸಂಗೀತ ಎಂದೂ ಹಿಡಿಸಿದ್ದಲ್ಲ.

'ಏನೋ ಇದು, ಬಾರಿಸಿದ್ದೇ ಬಾರಿಸ್ತಾ ಇದಾನೆ?'

'ಅವನ ಅಣ್ಣ ಸತ್ತುಹೋದ. ಅದಕ್ಕೆ ಬರೆದಿದ್ದು.'

ಅವನು ಏನೂ ಹೇಳಲಿಲ್ಲ. ಚಾರ್ಜರ್ ಸಿಕ್ಕಿತ್ತು, ಕೈಯಲ್ಲೇ ಇತ್ತು. ವೈರನ್ನು ಬೆರಳಿಗೆ ಸುತ್ತೋದು, ಬಿಚ್ಚೋದು ಮಾಡುತ್ತಾ ಹಾಡು ಮುಗಿಯೋ ತನಕ ಬಾಗಿಲ ಹತ್ತಿರವೇ ನಿಂತಿದ್ದ. ಆಮೇಲೆ 'ಊಟಕ್ಕೆ ಬಾ' ಅಂದು ಹೋದ. ಅವತ್ತಿನಿಂದ ಆ ಹಾಡು ಬಂದಾಗ ನನಗೆ ಸ್ಮಿತ್ ಕಾಣಲ್ಲ, ವೈರ್ ಸುತ್ತುತ್ತಿರುವ ಬೆರಳು ಕಾಣುತ್ತೆ.

ಹಾಡುಗಳ ಪಟ್ಟಿ ನನ್ನ ತಲೆಯಲ್ಲಿ ಮೇಲೆ ಕೆಳಗೆ ಆಗಿದೆ. ಮೊದಲ ತಿಂಗಳು 'ಎ ಫ್ರೆಜೈಲ್ ಥಿಂಗ್' ಎಲ್ಲಕ್ಕಿಂತ ಮೇಲಿತ್ತು. ಈಗ 'ಎಂಡ್‌ಸಾಂಗ್'. ಅದರಲ್ಲಿ ಧ್ವನಿ ಬರೋದು ಆರು ನಿಮಿಷ ದಾಟಿದ ಮೇಲೆ! ಅದರ ಹಿಂದೆ ಒಂದು ಕಥೆ ಇದೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಸ್ಮಿತ್ ಹತ್ತು ವರ್ಷದ ಹುಡುಗ, ಅಪ್ಪನ ಜೊತೆ ಹೊರಗೆ ನಿಂತು ಚಂದ್ರನನ್ನು ನೋಡಿದ್ದರಂತೆ. ಐವತ್ತು ವರ್ಷ ಆದ ಮೇಲೆ ಅದೇ ಚಂದ್ರನನ್ನು ನೋಡಿ, ಆ ಹುಡುಗ ಎಲ್ಲಿಗೆ ಹೋದ, ಆ ಲೋಕ ಎಲ್ಲಿಗೆ ಹೋಯಿತು ಅಂತ ಬರೆದ ಹಾಡು. ಕಥೆ ಗೊತ್ತಾದ ಮೇಲೆ ಆ ಆರು ನಿಮಿಷ ಸುಮ್ನೆ ತಲೆ ಎತ್ತಿ ನಿಂತಿರೋ ಹೊತ್ತು ಅನಿಸತೊಡಗಿತು. ನೋಡೋವಾಗ ಯಾರೂ ಮಾತಾಡಲ್ಲವಲ್ಲ.

2025ರ ಡಿಸೆಂಬರ್‌ನಲ್ಲಿ ಪೆರಿ ಬಮಾಂಟ್ ತೀರಿಕೊಂಡರು. ಒಂದು ಕಾಲಕ್ಕೆ ತಂಡದ ಸಿಬ್ಬಂದಿಯಾಗಿದ್ದು ಆಮೇಲೆ ಗಿಟಾರ್, ಕೀಬೋರ್ಡ್ ನುಡಿಸಿದವರು. ತಂಡದಿಂದ ಹೊರಬಿದ್ದು 2022ರಲ್ಲಿ ವಾಪಸ್ ಬಂದಿದ್ದರು. ಸುದ್ದಿ ಕೇಳಿದ ದಿನ ಟ್ರಾಕ್ಸಿ ವಿಡಿಯೋ ಮತ್ತೆ ಹಾಕಿದೆ. ವೇದಿಕೆಯ ಒಂದು ಬದಿಯಲ್ಲಿ, ಯಾರ ಗಮನವನ್ನೂ ಕೇಳದೆ ತಮ್ಮ ಪಾಡಿಗೆ ನುಡಿಸುತ್ತಿದ್ದಾರೆ. ಮೊದಲ ಸಲ ನೋಡಿದಾಗ ನಾನು ಅವರನ್ನು ಗಮನಿಸಿಯೇ ಇರಲಿಲ್ಲ.

ಬ್ರಿಟನ್ನಿನ ಆಲ್ಬಮ್‌ಗಳ ಪಟ್ಟಿಯಲ್ಲಿ ಇದು ಮೊದಲ ಸ್ಥಾನಕ್ಕೆ ಹೋಯಿತು, 1992ರ 'ವಿಶ್' ಆದ ಮೇಲೆ ಅವರಿಗೆ ಅದು ಸಿಕ್ಕಿದ್ದು ಇದು ಎರಡನೇ ಸಲ. 2025ರಲ್ಲಿ ಇದೇ ಹಾಡುಗಳ 24 ರೀಮಿಕ್ಸ್ ಬಂದವು. ಎರಡು ಸಲ ಕೇಳಿದೆ, ಸಾಕಾಯಿತು.

ನಾನು ಈಗ ಎಷ್ಟು ಸಲ ಕೇಳುತ್ತೇನೆ? ಮೊದಲ ತಿಂಗಳು ದಿನಾ. ಈಗ ಎರಡು ತಿಂಗಳಿಗೆ ಒಂದು ಸಲ ಇರಬಹುದು. 'ನೋಡಿದ್ಯಾ, ಹಳಸಿತು' ಅನ್ನುತ್ತಾನೆ ಗೆಳೆಯ. ನನಗೆ ಹಾಗನಿಸಲ್ಲ. ಇದನ್ನು ಕೆಲಸ ಮಾಡುತ್ತಾ ಹಿನ್ನೆಲೆಗೆ ಹಾಕೋಕಾಗಲ್ಲ, ಹಾಡು ಕಲಸಿ ಹಾಕಿದರೆ ಕೆಡುತ್ತೆ. 49 ನಿಮಿಷ ಬಿಡುವು ಬೇಕು, ದೀಪ ಕಡಿಮೆ ಇರಬೇಕು, ಯಾರೂ ಫೋನ್ ಮಾಡಬಾರದು. ಅಂಥ 49 ನಿಮಿಷ ಎರಡು ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು. ಈ ತಂಡವನ್ನು ಕೇಳೇ ಇಲ್ಲದವರು ಇದರಿಂದ ಶುರು ಮಾಡಬೇಡಿ. 'ಡಿಸಿಂಟಿಗ್ರೇಶನ್' ಕೇಳಿ, ಮನಸ್ಸು ಹತ್ತಿದರೆ ಇಲ್ಲಿಗೆ ಬನ್ನಿ. ಹಳಬರು ಯಾವಾಗಲೋ ಕೊಂಡಿರುತ್ತೀರಿ, ನಿಮಗೆ ನಾನೇನು ಹೇಳೋದು. ಐದಕ್ಕೆ ನಾಲ್ಕೂವರೆ. ಆ ಅರ್ಧ ಮಿಕ್ಸ್‌ಗೂ 'ವಾರ್‌ಸಾಂಗ್'ಗೂ ಸೇರಿ ಕಳೆದಿದ್ದು.

ಇದರ ಬೆನ್ನಿಗೇ ಇನ್ನೊಂದು ಆಲ್ಬಮ್ ಹೆಚ್ಚುಕಮ್ಮಿ ರೆಡಿ ಇದೆ ಅಂತ ಸ್ಮಿತ್ ಇದು ಬಿಡುಗಡೆಯಾದಾಗಲೇ ಹೇಳಿದ್ದರು. ಟೂರ್‌ನಲ್ಲಿ ಹಾಡಿ, ಈ ಆಲ್ಬಮ್‌ಗೆ ಸೇರಿಸದೆ ಬಿಟ್ಟ 'ಅನದರ್ ಹ್ಯಾಪಿ ಬರ್ತ್‌ಡೇ' ಅದರಲ್ಲಿ ಇದ್ದೇ ಇರುತ್ತೆ ಅಂತ ಗೆಳೆಯ ಬೆಟ್ ಕಟ್ಟಿದ್ದಾನೆ. ಇರುತ್ತೋ ಇಲ್ಲವೋ ಅನ್ನೋದರ ಮೇಲೆ ನಾನು ಬೆಟ್ ಕಟ್ಟಿಲ್ಲ. ಯಾವ ವರ್ಷ ಅನ್ನೋದರ ಮೇಲೆ ಕಟ್ಟೋಣ ಅಂದೆ, ಅದಕ್ಕೆ ಅವನು ಒಪ್ಪಲಿಲ್ಲ.