ಮೂರು ಸಲ ಏರ್ ತೆಗೆಸಿದೆ, ಕಾಯಿಲೆ ಬೇರೆಯೇ ಇತ್ತು

ಹಳೇ ಜೀಪು, ಅಂಬಾಸಿಡರ್, ಪದ್ಮಿನಿ ಇನ್ನೂ ಓಡಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ಹೋದ ತಿಂಗಳು ನಮ್ಮ ತೋಟದ ಜೀಪು ಬ್ರೇಕ್ ಕೈಕೊಟ್ಟು ಅಡಿಕೆ ಮೂಟೆ ಸಮೇತ ದರೆಗೆ ಗುದ್ದಿ ನಿಂತಿತು. ಬಂಪರ್ ಸೊಟ್ಟಗಾದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅದೇ ದಿನ ಮಧ್ಯಾಹ್ನ ಆಗುಂಬೆ ಘಾಟಿ ಇಳಿಯಬೇಕಿತ್ತು ನಾವು. 14 ತಿರುವು. ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಜೀಪು ಅಪ್ಪನ ಕಾಲದ್ದು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ನಾಲ್ಕಕ್ಕೂ ಸೇರಿ ಬ್ರೇಕ್ ಆಯಿಲ್ ಹರಿಯುವ ಒಂದೇ ಲೈನು. ಒಂದು ಕಡೆ ಕೈಕೊಟ್ಟರೆ ಎಲ್ಲವೂ ಹೋದ ಹಾಗೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಡಿಯ ತಗಡಿನ ಕೆಳಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಪೆಡಲ್ ಇಳಿಯತೊಡಗಿತು. ಒಂದು ಸಲ ಒತ್ತಿದರೆ ಅರ್ಧಕ್ಕಿಂತ ಕೆಳಗೆ, ತಕ್ಷಣ ಇನ್ನೊಂದು ಸಲ ಒತ್ತಿದರೆ ಮೇಲೆಯೇ ಕಲ್ಲಿನ ಹಾಗೆ ಗಟ್ಟಿ.

ಪೇಟೆಯ ಗ್ಯಾರೇಜಿನ ಹುಡುಗ ಚಕ್ರ ಬಿಚ್ಚಿಯೂ ನೋಡಲಿಲ್ಲ. "ಏರ್ ಹಿಡ್ದಿದೆ ಸಾರ್" ಅಂದ, ಅಂದರೆ ಲೈನಿನೊಳಗೆ ಗಾಳಿ ಸೇರಿದೆ ಅಂತ. ಏರ್ ತೆಗೆದ, ಮುಚ್ಚಳವಿಲ್ಲದ ಕ್ಯಾನಿನಿಂದ ಏನನ್ನೋ ಸುರಿದು ತುಂಬಿಸಿದ, ದುಡ್ಡು ತಗೊಂಡ. ವಾರದಲ್ಲಿ ಪೆಡಲ್ ಮತ್ತೆ ಕೆಳಗೆ. ಮತ್ತೆ ಅದೇ ಗ್ಯಾರೇಜು, ಅದೇ ಕ್ಯಾನು. ಈ ಸಲ ಹೊಸದೊಂದು ಶುರುವಾಯಿತು: ನಾಲ್ಕು ಕಿಲೋಮೀಟರ್ ಓಡುವಷ್ಟರಲ್ಲಿ ಡ್ರಮ್ಮು ಮುಟ್ಟಲಾಗದಷ್ಟು ಬಿಸಿ, ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ. ನಾನು ತಪ್ಪನ್ನು ಡೀಸೆಲ್ ಮೇಲೆ ಹಾಕಿದೆ. ಬುದ್ಧಿ!

ಮೂರನೇ ಸಲ ನಾನೇ ಕೈ ಹಾಕಿದೆ. ಭಾವ ಪೆಡಲ್ ಮೇಲೆ, ನಾನು ಚಕ್ರದ ಹಿಂದೆ, ಏರ್ ಬಿಡುವ ನಿಪ್ಪಲ್ಲಿಗೆ ಪೈಪು ಸಿಕ್ಕಿಸಿ ಬಾಟ್ಲಿಯೊಳಗೆ ಬಿಟ್ಟುಕೊಂಡು. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು ಅನ್ನುವುದು ಗೊತ್ತಿತ್ತು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಬಲ. ಕ್ರಮ ಸರಿ, ಉಳಿದದ್ದೆಲ್ಲ ತಪ್ಪು. ತಗಡಿನ ಕೆಳಗಿನ ಆಯಿಲ್ ಡಬ್ಬಿ ನಡುವೆ ಖಾಲಿಯಾದದ್ದು ನೋಡಲಿಲ್ಲ, ತೆಗೆದಷ್ಟೂ ಏರ್ ಮೇಲಿನಿಂದ ಒಳಗೆ ಹೋಯಿತು. ಮತ್ತೆ ಮೊದಲಿನಿಂದ. ಭಾವನಿಗೆ "ಪೂರ್ತಿ ಒತ್ತಿ, ತಳಕ್ಕೆ ಒತ್ತಿ" ಅಂತ ಕೂಗುತ್ತಲೇ ಇದ್ದೆ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಅದೇ ಅಂತ ಆಮೇಲೆ ತಿಳಿಯಿತು.

ಅಂಗಳದಲ್ಲಿ ಪೆಡಲ್ ಚೆನ್ನಾಗಿಯೇ ನಿಂತಿತ್ತು. ಬೆಳಿಗ್ಗೆ ಮೂಟೆ ಹೇರಿಕೊಂಡು ಹೊರಟೆವು. ಮುಖ್ಯ ರಸ್ತೆಗೆ ಸೇರುವ ಇಳಿಜಾರಿನಲ್ಲಿ ಬಸ್ಸು ಹೋಗಲಿ ಅಂತ ಬ್ರೇಕ್ ಒತ್ತಿ ಕಾಯುತ್ತಿದ್ದೆ. ಕಾಲು ಅಲ್ಲಾಡಿಸಿರಲಿಲ್ಲ. ಪೆಡಲ್ ತಾನಾಗಿ, ಕೆಸರಿನಲ್ಲಿ ಕಾಲು ಹೂತ ಹಾಗೆ, ನಿಧಾನಕ್ಕೆ ತಳ ಸೇರಿತು. ಜೀಪು ಉರುಳತೊಡಗಿತು. ಹ್ಯಾಂಡ್‌ಬ್ರೇಕ್ ಎಳೆದು ಸ್ಟೀರಿಂಗ್ ದರೆಗೆ ತಿರುಗಿಸಿದೆ. ಈ ಜೀಪಿನ ಹ್ಯಾಂಡ್‌ಬ್ರೇಕು ಗೇರ್‌ಬಾಕ್ಸ್ ಹಿಂದಿನ ಬೇರೆಯದೇ ಡ್ರಮ್ಮಿಗೆ ಕೇಬಲ್‌ನಲ್ಲಿ ಹಿಡಿಯುತ್ತದೆ, ಆಯಿಲ್ ಲೈನಿಗೂ ಅದಕ್ಕೂ ಸಂಬಂಧವಿಲ್ಲ. ವೇಗ ಅಷ್ಟಾದರೂ ತಗ್ಗಿದ್ದು ಅದರಿಂದ.

ಕೊನೆಗೆ ಜೀಪು ನೋಡಿದವರು ಕೊಪ್ಪ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಗಾಜಿನ ಲೋಟದಲ್ಲಿ ನೀರು ಕೇಳಿದರು. ಲೈನಿನಿಂದ ತೆಗೆದದ್ದನ್ನು ನಾಲ್ಕು ಹನಿ ಬಿಟ್ಟು ಕಲಕಿದರು. ಎಣ್ಣೆ ಮೇಲೆ ತೇಲಿತು. "ಗೌಡ್ರೇ, ಬ್ರೇಕ್ ಫ್ಲೂಯಿಡ್ ಆಗಿದ್ರೆ ನೀರಲ್ಲಿ ಬೆರೀಬೇಕಿತ್ತು. ಇದು ಯಾವ್ದೋ ಆಯಿಲ್."

ನಾವೆಲ್ಲ "ಬ್ರೇಕ್ ಆಯಿಲ್" ಅನ್ನುತ್ತೇವಲ್ಲ, ಆ ಮಾತೇ ಮೋಸ. ನಮ್ಮ ಹಳೇ ಗಾಡಿಗಳಿಗೆ ಹಾಕುವ ಡಾಟ್ 3 ಅನ್ನುವ ಬ್ರೇಕ್ ಫ್ಲೂಯಿಡ್ ಎಣ್ಣೆಯೇ ಅಲ್ಲ. ಇಂಜಿನ್ ಆಯಿಲೋ ಗೇರ್ ಆಯಿಲೋ ಸೇರಿದರೆ ಸಿಲಿಂಡರಿನೊಳಗೆ ಫ್ಲೂಯಿಡ್ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳು ಉಬ್ಬುತ್ತವೆ. ಉಬ್ಬಿದ ಕಪ್ಪು ಆಯಿಲ್ ವಾಪಸ್ ಬರುವ ಸಣ್ಣ ತೂತು ಮುಚ್ಚಿ ಬ್ರೇಕ್ ಬಿಡದಂತೆ ಮಾಡುತ್ತದೆ. ಡ್ರಮ್ ಸುಟ್ಟದ್ದು ಅದಕ್ಕೆ. ಸರಿಯಾದ ಫ್ಲೂಯಿಡ್ ಆದರೂ ಬಾಯಿ ತೆರೆದಿಟ್ಟ ಡಬ್ಬಿಯದ್ದು ಬೇಡ, ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ಮಳೆಗೆ, ನಮ್ಮ ಘಾಟಿಗೆ ಲೆಕ್ಕ ಹಾಕಿಕೊಳ್ಳಿ.

ಮಾಸ್ಟರ್ ಸಿಲಿಂಡರ್ ಬಿಚ್ಚಿ ತೋರಿಸಿದರು. ಪಿಸ್ಟನ್ ದಿನಾ ಓಡಾಡುವ ಜಾಗ ಫಳಫಳ, ಅದರಾಚೆ ತುಕ್ಕಿನ ಉಂಗುರ. ತಳಕ್ಕೆ ಒತ್ತಿಸಿದಾಗ ಉಬ್ಬಿ ಮೆತ್ತಗಾಗಿದ್ದ ಕಪ್ಪು ಆ ತುಕ್ಕಿನ ಮೇಲೆ ಉಜ್ಜಿ ಅಂಚು ಹರಿದಿತ್ತು. ಹಳೇ ಗಾಡಿಯ ಏರ್ ತೆಗೆಯುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು, ಪೂರ್ತಿ ಇಳಿಯದಂತೆ ನೋಡಿಕೊಳ್ಳಬೇಕಂತೆ.

ಹಾಗಾದರೆ ಮೊದಲ ದಿನದ ಕಾಯಿಲೆ? ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳ ಲೈನರ್ ಸವೆದು ಶೂ ಮತ್ತು ಡ್ರಮ್ ನಡುವೆ ಸಂದು ಜಾಸ್ತಿಯಾಗಿತ್ತು, ಅಷ್ಟೇ. ಎರಡನೇ ಒತ್ತಿಗೆ ಕಲ್ಲಿನಂತೆ ನಿಂತರೆ ಶೂ ಅಡ್ಜಸ್ಟ್ ಮಾಡಿಸಿ. ಸ್ಪಂಜಿನ ಹಾಗೆ ಪುಟಿದರೆ ಏರ್. ಕಾಲಿಟ್ಟುಕೊಂಡೇ ಇದ್ದರೂ ತಾನಾಗಿ ಇಳಿದರೆ ಮಾಸ್ಟರ್ ಸಿಲಿಂಡರ್ ಕಪ್ಪು, ಇಲ್ಲಾ ಎಲ್ಲೋ ಸೋರಿಕೆ. ಗಾಡಿ ಹೊರಗೆ ತೆಗೆಯಲೇಬೇಡಿ. ಅಡ್ಜಸ್ಟರ್ ನಾಲ್ಕು ತಿರುವಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಮಾಸ್ಟರ್ ಸಿಲಿಂಡರ್, ಎಲ್ಲ ವೀಲ್ ಸಿಲಿಂಡರ್ ಕಿಟ್ಟು, ಹೋಸ್ ಪೈಪುಗಳು ಎಲ್ಲ ಹೊಸದಾದವು. ಎಣ್ಣೆ ತಾಗಿದ ರಬ್ಬರ್ ಒಂದೂ ಉಳಿಸುವಂತಿಲ್ಲ, ಲೈನನ್ನೂ ಸ್ಪಿರಿಟ್ಟಿನಲ್ಲಿ ತೊಳೆಯಬೇಕು. ಆ ಲೋಟವನ್ನು ಹೆಂಡತಿ ಅಡುಗೆಮನೆಗೆ ವಾಪಸ್ ಸೇರಿಸಲಿಲ್ಲ. ಸರಿಯೇ, ಅದು ವಿಷ.

ಮೊನ್ನೆ ಪೇಟೆಯ ಗ್ಯಾರೇಜಿಗೆ ಹೋಗಿ ಕ್ಯಾನಿನಲ್ಲಿದ್ದದ್ದು ಏನಪ್ಪಾ ಅಂತ ಕೇಳಿದೆ. "ಎಲ್ಲಾ ಆಯಿಲ್ಲೇ ಅಲ್ವಾ ಸಾರ್" ಅಂದ. ಪಕ್ಕದಲ್ಲಿ ಒಂದು ಪಿಕಪ್ ಬಾನೆಟ್ ಎತ್ತಿಕೊಂಡು ನಿಂತಿತ್ತು. ಅದರ ಡ್ರೈವರ್ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾನೆ ಅಂದರು. ರಸ್ತೆ ದಾಟಿ ಅಲ್ಲಿಗೆ ಹೋದೆ.