ಟೈಮರ್ ಬೀಗದ ಮೊಬೈಲ್ ಪೆಟ್ಟಿಗೆ: ಸಪ್ತಾಪುರದ ರೀಡಿಂಗ್ ರೂಮಿನಲ್ಲಿ ಕಂಡಂತೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ನಾವು ನಡೆಸುತ್ತಿರುವ ರೀಡಿಂಗ್ ರೂಮಿಗೆ ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಯೊಂದರಿಂದ ಟೈಮರ್ ಬೀಗದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತರಿಸಿದೆವು. ಮೊಬೈಲನ್ನು ಒಳಗಿಟ್ಟು, ಮುಚ್ಚಳದ ಮೇಲಿನ ಗುಂಡಿ ತಿರುಗಿಸಿ ಅವಧಿ ಗೊತ್ತುಮಾಡಿ ಒತ್ತಿದರೆ ಬೀಗ ಬೀಳುತ್ತದೆ. ಹೊತ್ತು ಮುಗಿಯುವ ತನಕ ಇಟ್ಟವರೂ ತೆರೆಯಲಾರರು.

ಇದರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಫೋನಿನೊಳಗೆ ಆ್ಯಪ್ ಬಳಕೆಗೆ ಇಡುವ ಸಮಯದ ಮಿತಿಯನ್ನು ಹಾಕಿಕೊಂಡವರೇ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆದುಹಾಕಬಹುದು, ಅದೂ ಮನಸ್ಸು ಸಡಿಲಗೊಂಡ ಗಳಿಗೆಯಲ್ಲಿ. ಪೆಟ್ಟಿಗೆಯ ವಿಷಯದಲ್ಲಿ ಆ ತೀರ್ಮಾನ ಓದಲು ಕೂರುವ ಮೊದಲೇ ಮುಗಿದಿರುತ್ತದೆ. ಮೊದಮೊದಲು ಕೆಲವರು ಪುಟ ತಿರುಗಿಸುವ ನಡುವೆ ಖಾಲಿ ಜೇಬನ್ನು ತಡವಿಕೊಳ್ಳುತ್ತಿದ್ದರು. ಆ ಕೈ ತಾನಾಗಿಯೇ ಹೋಗುತ್ತಿತ್ತೇ ಹೊರತು ಅವರಿಗೆ ಫೋನಿನಲ್ಲಿ ನೋಡಬೇಕಾದದ್ದೇನೂ ಇರಲಿಲ್ಲ.

ಆದರೆ ತಯಾರಕರು ಪೆಟ್ಟಿಗೆಯನ್ನು ಪಾರದರ್ಶಕವಾಗಿ ಮಾಡಿದ್ದೇಕೋ! ಪರದೆ ಬೆಳಗಿದೊಡನೆ ಪುಸ್ತಕದ ಮೇಲಿನ ಕಣ್ಣು ಅತ್ತ ಹೊರಳುತ್ತದೆ. ಬಂದದ್ದು ಮನೆಯವರ ಸಂದೇಶವೋ ರೀಚಾರ್ಜ್ ಜಾಹೀರಾತೋ ಎಂಬುದು ಗೊತ್ತಾಗದಿರುವುದರಿಂದಲೇ ಆ ಸೆಳೆತ ಹೆಚ್ಚುತ್ತದೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಪ್ರತಿ ಸಲವೂ ಕಾಳು ಪಡೆದು ರೂಢಿಯಾದ ಹಕ್ಕಿಗಿಂತ ಯಾವಾಗ ಸಿಕ್ಕೀತೆಂದು ತಿಳಿಯದ ಹಕ್ಕಿಯೇ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಿತ್ತು. ನೋಟಿಫಿಕೇಶನ್‌ಗಳು ನಮ್ಮನ್ನು ಹಿಡಿದಿಡುವುದೂ ಹೀಗೆಯೇ. ಆದ್ದರಿಂದ ನಮ್ಮಲ್ಲೀಗ ಫೋನನ್ನು ಸೈಲೆಂಟ್ ಮಾಡಿ, ಕರವಸ್ತ್ರದಲ್ಲಿ ಸುತ್ತಿಯೇ ಒಳಗಿಡುತ್ತಾರೆ.

ತುರ್ತು ಕರೆ ಬಂದರೇನು ಗತಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಊರಿನಲ್ಲಿ ವಯಸ್ಸಾದ ತಂದೆ-ತಾಯಿ ಇರುವವರು ನಮ್ಮ ಕೌಂಟರಿನ ನಂಬರನ್ನು ಮನೆಗೆ ಕೊಟ್ಟಿರುತ್ತಾರೆ. ಚಾರ್ಜರ್ ವೈರಿಗೆಂದು ಪೆಟ್ಟಿಗೆಯ ಪಕ್ಕದಲ್ಲಿ ಬಿಟ್ಟಿರುವ ರಂಧ್ರ ಅನುಕೂಲಕರವಾಗಿದೆ.

ಓದಿನ ಹೊತ್ತನ್ನು ಉಳಿಸುವ ಈ ಪೆಟ್ಟಿಗೆಯನ್ನು ಚಿಕಿತ್ಸೆಯೆಂದು ಭಾವಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೆ ಸ್ಥಾನವಿದೆ. ಸ್ಮಾರ್ಟ್‌ಫೋನ್ ವ್ಯಸನವೆಂಬ ಪ್ರತ್ಯೇಕ ರೋಗವನ್ನು ಅದು ಹೆಸರಿಸಿಲ್ಲ. ಹಾಗೆಂದು ನಿದ್ದೆಗೆಟ್ಟು, ಊಟ ಬಿಟ್ಟು, ಫೋನ್ ಕಸಿದರೆ ಹರಿಹಾಯುವ ಸ್ಥಿತಿ ತಲುಪಿದವರನ್ನು ಪೆಟ್ಟಿಗೆಯ ಪಾಲಿಗೆ ಬಿಡುವುದು ಸರಿಯಲ್ಲ. ಅಂಥವರಿಗೆ ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಕೊಳ್ಳುವವರು ಒಳಗಿನದು ಕಾಣದ, ಗಾಢ ಬಣ್ಣದ ಪೆಟ್ಟಿಗೆಯನ್ನೇ ಕೇಳಲಿ. ಅವಧಿಯ ನಡುವೆ ಬ್ಯಾಟರಿ ಮುಗಿದರೆ ಬೀಗ ತೆರೆಯುವ ಬಗೆಯನ್ನೂ ಅಂಗಡಿಯಲ್ಲಿಯೇ ಮಾಡಿ ತೋರಿಸುವಂತೆ ಹೇಳುವುದು ಒಳ್ಳೆಯದು.